ತಾಲೂಕು ಆರಿಸಿದರೂ ಒಪ್ಪದ ಫಾರಂ

ಕಂಪ್ಯೂಟರ್ ತಾನಾಗಿ ತಪ್ಪು ಮಾಡುವುದಿಲ್ಲ, ಅದಕ್ಕೆ ನನ್ನಂಥವನೊಬ್ಬ ಬೇಕು. ಬಿಡದಿಯಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಕಾರಿನ ಬಿಡಿಭಾಗ ಮಾಡುವ ಚಿಕ್ಕ ಕಂಪನಿಯೊಂದರಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರಿಗಾಗಿ ಇಂಟರ್‌ನೆಟ್ಟಿನಲ್ಲಿ ಕನ್ನಡದ ಫಾರಂ ಮಾಡಿದವನು ನಾನು. ತಾಲೂಕು, ಮದುವೆಯಾಗಿದೆಯೋ ಇಲ್ಲವೋ, ಯಾವುದನ್ನೂ ಟೈಪ್ ಮಾಡಬೇಕಿಲ್ಲ. ಬಾಣದ ಗುರುತು ಒತ್ತಿದರೆ ಪಟ್ಟಿ ಇಳಿಯುತ್ತದೆ, ಒಂದನ್ನು ಆರಿಸಿದರಾಯಿತು. ಆರಿಸದಿದ್ದರೆ ಫಾರಂ ಮುಂದಕ್ಕೆ ಬಿಡದು. ಇಷ್ಟು ಸಲೀಸಾದ ಕೆಲಸದಿಂದ ವಾರಕ್ಕೊಂದು ಫಜೀತಿಯಾಗುತ್ತಿತ್ತು.

ಕನಕಪುರ ಕಾಣೆ

ಕನಕಪುರದ ಇಂಟರ್‌ನೆಟ್ ಸೆಂಟರಿನಲ್ಲಿ ಊರಿನವರಿಗೆ ಫಾರಂ ತುಂಬಿಕೊಡುತ್ತಿದ್ದವನು ಫೋನ್ ಮಾಡಿದ. "ಸಾ, ಕನಕಪುರ ಅಂತ ಒತ್ತುದ್ರೂ ‘ತಾಲೂಕು ಆರಿಸಿ’ ಅಂತದೆ. ನಮ್ದು ತಾಲೂಕಲ್ವಾ?"

ಅವನಿಗೇ ಒತ್ತಲು ಬರುವುದಿಲ್ಲವೆಂದು ಮೂರು ದಿನ ಫೋನಿನಲ್ಲೇ ಪಾಠ ಹೇಳಿದೆ. ನಾಲ್ಕನೆಯ ದಿನ ಬಸ್ಸು ಹತ್ತಿ ಹೋಗಿ ನೋಡಿದರೆ ತಪ್ಪು ನನ್ನದು. ಪಟ್ಟಿಯ ಮೊದಲ ಸಾಲಿನಲ್ಲೇ ನಿಂತಿದ್ದರೆ ಏನೂ ಆರಿಸಿಲ್ಲವೆಂದು ತಿಳಿ ಅಂತ ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದೆ. ಪಟ್ಟಿಯಲ್ಲಿದ್ದದ್ದು ಸುತ್ತಲಿನ ನಾಲ್ಕೇ ತಾಲೂಕು, ಅಕ್ಷರಮಾಲೆಯ ಪ್ರಕಾರ ಮೊದಲ ಸಾಲಿನಲ್ಲಿ ಕೂತದ್ದು ಕನಕಪುರ. ಅದರ ಮೇಲೆ ‘ಆಯ್ಕೆ ಮಾಡಿ’ ಎಂಬ ಸಾಲು ಸೇರಿಸಿ ಸರಿಮಾಡಿದೆ.

ಅಷ್ಟರಲ್ಲಿ ಸೆಂಟರಿನವನು ತಾನೇ ದಾರಿ ಕಂಡುಕೊಂಡು ಎಲ್ಲರಿಗೂ ಮಾಗಡಿ ಒತ್ತಿಬಿಟ್ಟಿದ್ದ. ಊರು ಕನಕಪುರ, ತಾಲೂಕು ಮಾಗಡಿ ಎಂದಿದ್ದ ಅರ್ಜಿಗಳನ್ನು ನೋಡಿ ನಮ್ಮ ಮ್ಯಾನೇಜರ್ ಮೆಚ್ಚಿಕೊಂಡರು. "ಮಾಗಡಿಯವರ ಆಸಕ್ತಿ ನೋಡ್ರಿ, ಕನಕಪುರದಲ್ಲಿ ಮನೆ ಮಾಡ್ಕೊಂಡು ಅರ್ಜಿ ಹಾಕವ್ರೆ."

ಮೊದಲ ಹೆಂಡತಿ

ಅರ್ಜಿಗಳನ್ನು ಫೈಲಿಗೆ ಹಾಕುತ್ತಿದ್ದವರು ಚನ್ನಪಟ್ಟಣದ ಹಿರಿಯರೊಬ್ಬರು. ಒಂದು ದಿನ ಬೆಳಗ್ಗೆ ಕಾಗದವೊಂದನ್ನು ಹಿಡಿದು ನನ್ನ ಮುಂದೆ ನಿಂತರು. ಅರ್ಜಿ ಅವರ ಮಗಳ ಜೊತೆ ಮದುವೆ ಗೊತ್ತಾಗಿದ್ದ ಹುಡುಗನದು. ಮದುವೆಯ ಕಾಲಂನಲ್ಲಿ ‘ವಿಧುರ’ ಎಂದಿತ್ತು. ಇಪ್ಪತ್ಮೂರು ವರ್ಷಕ್ಕೆ ಇವನಿಗೆ ಮೊದಲ ಹೆಂಡತಿ ಯಾವಾಗ ಬಂದಳು, ಹೇಗೆ ಹೋದಳು ಎಂಬುದು ಅವರ ಪ್ರಶ್ನೆ. ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು.

ಹುಡುಗನನ್ನು ಕರೆಸಿ ನನ್ನೆದುರೇ ಫಾರಂ ತುಂಬಿಸಿದೆ. ‘ಅವಿವಾಹಿತ’ ಎಂದೇ ಆರಿಸಿದ. ಆಮೇಲೆ ಪುಟ ಕೆಳಗೆ ಸರಿಸಲು ಮೌಸಿನ ಚಕ್ರ ತಿರುಗಿಸಿದ. ಪುಟ ಅಲ್ಲೇ ನಿಂತು ಪಟ್ಟಿ ತಿರುಗಿತು. ಒಂದು ಸುತ್ತಿಗೆ ‘ವಿವಾಹಿತ’, ಇನ್ನೊಂದು ಸುತ್ತಿಗೆ ‘ವಿಧುರ’. ಏನೋ ಒಂದು ಆರಿಸಿದೆಯಲ್ಲ ಎಂದು ಫಾರಂ ಒಪ್ಪಿಕೊಂಡಿತು.

ಹಿರಿಯರಿಗೆ ನಂಬಿಕೆ ಬರಲಿಲ್ಲ. ತಾವೇ ಕೂತು ‘ವಿವಾಹಿತ’ ಆರಿಸಿ ಚಕ್ರ ತಿರುಗಿಸಿದರು. ವಿಧುರರಾದರು. ಜೋಪಾನವಾಗಿ ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಎದ್ದರು. "ಇದ ನಮ್ ಮನೇಲಿ ಯಾರ್ಗೂ ಹೇಳ್ಬ್ಯಾಡಿ."

ಪೋಸ್ಟ್ ಮಾಸ್ಟರ ಆಯ್ಕೆ

ಮಾಗಡಿಯ ಸೆಂಟರಿನವನು ನನ್ನ ಫಾರಂ ಪದೇಪದೇ ತೋರಿಸುತ್ತಿದ್ದ ‘ತಾಲೂಕು ಆರಿಸಿ’ ಎಂಬ ಎಚ್ಚರಿಕೆ ಕಂಡು ತಲೆ ಕೆಟ್ಟು, ಬ್ರೌಸರಿನಲ್ಲಿ ಏನನ್ನೋ ಆಫ್ ಮಾಡಿಬಿಟ್ಟ. ಎಚ್ಚರಿಕೆ ನಿಂತಿತು, ಜೊತೆಗೆ ತಪಾಸಣೆಯೂ ನಿಂತಿತು. ತಾಲೂಕು ಆರಿಸದ ಅರ್ಜಿಗಳು ಹಾಗೇ ಒಳಗೆ ಬಂದವು. ನಾನು ನೋಡದೆ ಸಂದರ್ಶನದ ಪತ್ರ ಕಳಿಸಿದೆ. ಸಾವನದುರ್ಗದ ಕಡೆಯ ಒಂದೇ ಹಳ್ಳಿಗೆ ಎಂಟು ಪತ್ರ. ಪ್ರತಿ ಲಕೋಟೆಯ ಮೇಲೆ ಹೆಸರು, ಊರು, ಕೆಳಗೆ ತಾಲೂಕಿನ ಜಾಗದಲ್ಲಿ ದಪ್ಪಕ್ಷರದಲ್ಲಿ ‘ಆಯ್ಕೆ ಮಾಡಿ’.

ಸಂದರ್ಶನದ ಹಿಂದಿನ ದಿನ ಆ ಊರಿನ ಪೋಸ್ಟ್ ಮಾಸ್ಟರ್ ಫೋನ್ ಮಾಡಿದರು. "ಆಯ್ಕೆ ಮಾಡಿ ಅಂತ ಬರ್ದಿದ್ರಲ್ಲ, ಮಾಡಿವ್ನಿ. ಐದು ಜನ ಒಳ್ಳೇವ್ರು, ಅವ್ರ ಪತ್ರ ಕೊಟ್ಬುಟ್ಟೆ. ಮಿಕ್ಕ ಮೂರು ವಾಪಸ್ ಕಳಿಸ್ಲಾ?"

ಮಾಗಡಿ ಬಸ್ಸು ಹಿಡಿದು ಓಡಿದೆ. ಅವರು ಸಾವಧಾನವಾಗಿ ಕಾರಣ ಕೊಟ್ಟರು. ಒಬ್ಬ ಒಂಬತ್ತಕ್ಕೆ ಮುಂಚೆ ಏಳುವವನಲ್ಲ. ಇನ್ನೊಬ್ಬ ಯಾವ ಕೆಲಸದಲ್ಲೂ ತಿಂಗಳು ನಿಂತವನಲ್ಲ. ಮೂರನೆಯವನು ಅವರ ಸ್ವಂತ ಅಕ್ಕನ ಮಗ, ಅವನ ವಿಷಯ ಅವರಿಗೆ ಪೂರ್ತಿ ಗೊತ್ತು. ಕೈಮುಗಿದು ಪತ್ರ ಇಸಿದುಕೊಂಡು ನಾನೇ ಮೂರು ಮನೆಗೂ ಮುಟ್ಟಿಸಿದೆ.

ಮರುದಿನ ಐವರೂ ಆಯ್ಕೆಯಾದರು. ಮಿಕ್ಕ ಮೂವರಲ್ಲಿ ಒಬ್ಬ ಎಲ್ಲ ಮುಗಿದ ಮೇಲೆ ಕಣ್ಣುಜ್ಜಿಕೊಂಡು ಬಂದ. ಇನ್ನೊಬ್ಬ ಕಮ್ಮಿಯೆಂದರೆ ಎಷ್ಟು ದಿನ ಕೆಲಸ ಮಾಡಬೇಕೆಂದು ವಿಚಾರಿಸಿದ. ಮೂರನೆಯವನನ್ನು ಮ್ಯಾನೇಜರ್, ನಿನ್ನ ನಡತೆಯ ಬಗ್ಗೆ ಹೇಳುವವರು ಯಾರಾದರೂ ಇದ್ದಾರಾ ಎಂದು ಕೇಳಿದರು.

ಹುಡುಗ ಎದೆಯುಬ್ಬಿಸಿ ಹೇಳಿದ. "ಅವ್ರೆ ಸಾರ್, ನಮ್ ಸೋದರಮಾವ. ನಮ್ಮೂರ ಪೋಸ್ಟ್ ಮಾಸ್ಟ್ರು. ಈಗ್ಲೇ ಫೋನ್ ಹಾಕಿ."