ಮುಂದಿನ ಗಾಲಿ ಎದ್ದ ದಿನ

ಹೆಂಡತಿಯ ತಮ್ಮನನ್ನು ಹೇಗೋ ಸಹಿಸಿಕೊಳ್ಳಬಹುದು. ಹೆಂಡತಿಯ ಬಾಯಲ್ಲಿ ಬರುವ ತಮ್ಮನನ್ನು ಸಹಿಸಿಕೊಳ್ಳುವುದು ಕಷ್ಟ. ನನ್ನ ಭಾವಮೈದುನ ವೈಜಿನಾಥ ಭಾಲ್ಕಿಯಿಂದ ನಮ್ಮ ಬೀದರಿನ ಮನೆಗೆ ಬರುತ್ತಿದ್ದದ್ದು ಅಪರೂಪ. ಅವನ ಹೆಸರು ಮಾತ್ರ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿತ್ತು. ನಾನು ನನ್ನ ಹಳೆಯ ಮೊಪೆಡ್ಡಿಗೆ ಕಿಕ್ ಹೊಡೆದೂ ಹೊಡೆದೂ ಬೆವರು ಒರೆಸಿಕೊಳ್ಳುತ್ತಿದ್ದರೆ, ಮೀರಾಬಾಯಿ ಬಾಗಿಲಿಗೆ ಬಂದು, "ನಮ್ಮ ವೈಜು ನೋಡ್ರಿ, ಅಷ್ಟು ದೊಡ್ಡ ಗಾಡಿ, ಮುಂದಿನ ಗಾಲಿ ಮ್ಯಾಲ ಎತ್ತಿ ಹೊಡೀತಾನ," ಅನ್ನುತ್ತಿದ್ದಳು. ಅಂದು ಒಂದು ನಿಟ್ಟುಸಿರು ಬಿಡುತ್ತಿದ್ದಳು. (ಆ ನಿಟ್ಟುಸಿರು ನೆನಪಿರಲಿ, ಮುಂದೆ ಬೇಕಾಗುತ್ತದೆ.)

ನಾನು ದತ್ತಾತ್ರಿ. ಮೂಲ ಔರಾದ, ಹೊಟ್ಟೆಪಾಡು ಬೀದರಿನ ಕಾಳಿನ ಪೇಟೆ ಗಾಂಧಿ ಗಂಜ, ಕೆಲಸ ತಕ್ಕಡಿ ರಿಪೇರಿ. ಗಂಜಿನಲ್ಲಿ ಕೊಡುವವನಿಗೆ ತೂಕ ಕಡಿಮೆ ಅನ್ನಿಸುತ್ತದೆ, ಕೊಳ್ಳುವವನಿಗೆ ಹೆಚ್ಚು ಅನ್ನಿಸುತ್ತದೆ. ಇಬ್ಬರೂ ಕೂಗಾಡಿ ದಣಿದ ಮೇಲೆ ನನ್ನನ್ನು ಕರೆಯುತ್ತಾರೆ. ಎರಡೂ ತಟ್ಟೆ ಸಮ ನಿಂತರೆ ಜಗತ್ತೇ ಸಮ ನಿಂತಂತೆ ಎಂಬುದು ನನ್ನ ಸಿದ್ಧಾಂತ. ಇದನ್ನು ನಾನು ಅಂಗಡಿಯಲ್ಲಿ ಗಿರಾಕಿಗಳಿಗೂ, ಮನೆಯಲ್ಲಿ ಪಲ್ಯಕ್ಕೆ ಉಪ್ಪು ಹೆಚ್ಚಾದಾಗ ಹೆಂಡತಿಗೂ ಬೋಧಿಸುತ್ತೇನೆ. ಗಿರಾಕಿಗಳು ಒಪ್ಪುತ್ತಾರೆ.

ಆ ವರ್ಷ ಮಳೆ ಮತ್ತೆ ಕೈಕೊಟ್ಟಿತ್ತು. ತೊಗರಿ ಇಲ್ಲ, ಉದ್ದು ಇಲ್ಲ, ಗಂಜಿನಲ್ಲಿ ತೂಗಲು ಮಾಲೇ ಇಲ್ಲದ ಮೇಲೆ ತಕ್ಕಡಿ ಕೆಡುವುದೆಲ್ಲಿಂದ? ನಳಕ್ಕೆ ನೀರು ಬರುವುದು ಹಬ್ಬ ಬಂದಂತೆ ಆಗಿತ್ತು. ನಮ್ಮ ಗಲ್ಲಿಯ ಅರ್ಧ ಮನೆಗಳಿಗೆ ಬೀಗ ಬಿದ್ದು ಜನ ಹೈದರಾಬಾದ, ಪುಣೆ ಹಿಡಿದಿದ್ದರು. ವೈಜಿನಾಥನಿಗೂ ಪುಣೆಯಲ್ಲಿ ಒಂದು ಕೆಲಸ ಸಿಕ್ಕಿತು. ಅಲ್ಲಿ ಒಂದೇ ಖೋಲಿಯಲ್ಲಿ ಐದಾರು ಜನ ಮಲಗಬೇಕು, ಗಾಡಿ ಎಲ್ಲಿ ಮಲಗಬೇಕು? ಹೀಗಾಗಿ ಆ ಕೆಂಪು ಸ್ಪೋರ್ಟ್ಸ್ ಬೈಕು ನಮ್ಮ ಮನೆಯ ಮುಂದೆ ಬಂದು ನಿಂತಿತು.

ಅದೇನು ಗಾಡಿಯೋ ದೇವರೇ ಬಲ್ಲ. ಹಿಂದಿನ ಸೀಟು ಅಟ್ಟದ ಮೇಲೆ, ಮುಂದಿನ ಸೀಟು ನೆಲಮಾಳಿಗೆಯಲ್ಲಿ. ಓಡಿಸುವವನು ಯಾರಿಗೋ ಸಾಷ್ಟಾಂಗ ಹಾಕಲು ಹೊರಟವನಂತೆ ಬಗ್ಗಿ ಕೂರಬೇಕು. ಚಾಲೂ ಮಾಡಿದರೆ ಎದುರು ಮನೆಯ ಸಕೀನಾಳ ಕೋಳಿಗಳು ಮೊಟ್ಟೆ ಇಡುವುದನ್ನು ಮರೆಯುತ್ತಿದ್ದವು.

"ಭಾವಾ, ದಿನಾ ಒಂದ್ಸಲ ಚಾಲೂ ಮಾಡಿ ಇಡ್ರಿ, ಇಲ್ಲಾಂದ್ರ ಬ್ಯಾಟ್ರಿ ಕೂಡ್ತದ," ಅಂದ ವೈಜಿನಾಥ ಬೀಗದ ಕೈ ಕೊಡುತ್ತ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಾಲೂ ಮಾಡೋದಷ್ಟೇ ರೀ. ಹೊಡಿಲಾಕ ಹೋಗಬ್ಯಾಡ್ರಿ," ಅಂದ.

ಆ ಕೊನೆಯ ಮಾತು ನನ್ನ ಎದೆಗೆ ನಾಟಿತು. ಅದು ನಾಟಿದ ಜಾಗ ಮಾಯುವ ಮೊದಲೇ ಭಾಲ್ಕಿಯಿಂದ ಅತ್ತೆಯ ಫೋನು ಬಂತು. ಅಧಿಕ ಮಾಸ ಕೂಡಿತ್ತು. ನಮ್ಮ ಕಡೆ ಇದು ಧೋಂಡಿ ತಿಂಗಳು. ಮೂರು ವರ್ಷಕ್ಕೊಮ್ಮೆ ಬರುವ ಈ ತಿಂಗಳಲ್ಲಿ ಅಳಿಯನೆಂದರೆ ಸಾಕ್ಷಾತ್ ನಾರಾಯಣ. ಅವನನ್ನು ಕರೆದು, ಮಣೆಯ ಮೇಲೆ ಕೂರಿಸಿ, ಕಾಲು ತೊಳೆದು, ಹೂರಣ ತುಂಬಿದ ಧೋಂಡೆ ಕಡುಬು ಉಣ್ಣಿಸಿ, ಹೊಸ ಬಟ್ಟೆ, ಒಂದು ಪಾತ್ರೆ ಕೊಟ್ಟು ಕಳಿಸುತ್ತಾರೆ. ಉಳಿದ ದಿನಗಳಲ್ಲಿ ಅಳಿಯನನ್ನು ಏನೆಂದು ತಿಳಿಯುತ್ತಾರೆ ಎಂಬುದು ಶಾಸ್ತ್ರದಲ್ಲಿ ಇಲ್ಲ.

ಆಗಲೇ ನನಗೆ ಆ ದಿವ್ಯ ವಿಚಾರ ಹೊಳೆದದ್ದು. ಧೋಂಡಿಗೆ ಮೊಪೆಡ್ಡಿನ ಮೇಲೆ ಹೋಗುವುದಲ್ಲ. ಈ ಕೆಂಪು ಗಾಡಿಯ ಮೇಲೆ ಹೋಗಬೇಕು. ಹೋಗಿ, ಅತ್ತೆಯ ಓಣಿಯಲ್ಲಿ, ಅತ್ತೆಯ ಕಣ್ಣೆದುರು, ಮುಂದಿನ ಗಾಲಿ ಎತ್ತಬೇಕು. ಮದುವೆಯಾದಾಗಿನಿಂದ ತವರಿನಲ್ಲಿ ನಿಂತು ಮೀರಾಬಾಯಿ ನನ್ನನ್ನು ಒಂದು ಸಲ ಹೊಗಳಿದ್ದನ್ನು ನಾನು ಕೇಳಿಲ್ಲ. ಒಂದೇ ಒಂದು ಸಲ, "ನಮ್ಮನಿಯವರು ನೋಡ್ರಿ," ಎಂದು ಅವಳ ಬಾಯಿಂದ ಕೇಳಬೇಕು. ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದದ್ದು ಗಾಲಿ ಅಲ್ಲ, ಆ ಒಂದು ಮಾತು.

ಆದರೆ ಕಲಿಯುವುದಕ್ಕೆ ಜಾಗ ಬೇಕು, ನೆಪ ಬೇಕು. ಜಾಗವನ್ನು ಬರಗಾಲವೇ ಕೊಟ್ಟಿತು. ಕಮಠಾಣದ ದಾರಿಯಲ್ಲಿ ಒಂದು ಕೆರೆ ಒಣಗಿ ಹಾಸಿಗೆಯಂತೆ ಸಪಾಟಾಗಿ ಬಿದ್ದಿತ್ತು. ನೆಪವನ್ನೂ ಅದೇ ಕೊಟ್ಟಿತು. ಆ ಕೆರೆಯ ದಂಡೆಗೆ ಹೊಲ ಇರುವ ಕಾಶೀರಾಮ ನನ್ನ ಹಳೆಯ ಗಿರಾಕಿ, ಅವನ ಬೋರಿನಲ್ಲಿ ಇನ್ನೂ ನೀರಿತ್ತು.

"ಬ್ಯಾಟ್ರಿ ಕೂಡಬಾರ್ದಲ್ಲ, ದಿನಾ ಹೋಗಿ ಕಾಶೀರಾಮನ ಬೋರಿಂದ ಎರಡು ಕ್ಯಾನು ನೀರು ತರ್ತೇನಿ," ಎಂದೆ.

ಮೀರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಆರಾಮ ಇದ್ದೀರಿಲ್ರಿ?" ಎಂದು ಕೇಳಿದಳು.

ಮರುದಿನದಿಂದ ನನ್ನ ಸಾಧನೆ ಶುರುವಾಯಿತು. ಹೊತ್ತು ಹುಟ್ಟುವ ಮುಂಚೆ ಹೊರಟು, ಕ್ಯಾನುಗಳನ್ನು ಬೇವಿನ ಗಿಡದ ಬುಡಕ್ಕೆ ಇಳಿಸಿ, ಗಾಡಿಯನ್ನು ಹಗುರ ಮಾಡಿಕೊಂಡು ಕೆರೆಯಂಗಳಕ್ಕೆ ಇಳಿಯುತ್ತಿದ್ದೆ. (ಹಗುರ ಮಾಡಿಕೊಂಡು ಎಂಬುದನ್ನು ಗಮನಿಸಿ. ಇಪ್ಪತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನ ಬುದ್ಧಿ ಇದು.) ಕ್ಲಚ್ಚು ಹಿಡಿದು, ಎಕ್ಸಿಲೇಟರ್ ತಿರುವಿ, ಕ್ಲಚ್ಚು ಬಿಟ್ಟು, ಎದೆಯುಬ್ಬಿಸಿ ಹ್ಯಾಂಡಲ್ ಜಗ್ಗುತ್ತಿದ್ದೆ. ಗಾಡಿ ಗುಡುಗುತ್ತಿತ್ತು, ಧೂಳು ಏಳುತ್ತಿತ್ತು, ಕೊಕ್ಕರೆಗಳು ಏಳುತ್ತಿದ್ದವು, ಗಾಲಿಯೊಂದನ್ನು ಬಿಟ್ಟು ಎಲ್ಲವೂ ಏಳುತ್ತಿತ್ತು. ಒಂದೊಂದು ದಿನ ಗಾಡಿ ಒಂದು ಕಡೆ ಒರಗಿ, ನಾನು ಇನ್ನೊಂದು ಕಡೆ ಒರಗಿ, ಇಬ್ಬರೂ ಸ್ವಲ್ಪ ಹೊತ್ತು ಆಕಾಶ ನೋಡುತ್ತಿದ್ದೆವು.

ಕಾಶೀರಾಮ ದಂಡೆಯ ಮೇಲೆ ಕೂತು ಬೇವಿನ ಕಡ್ಡಿ ಜಗಿಯುತ್ತ ಇದನ್ನೆಲ್ಲ ನೋಡುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿದ:

"ದತ್ತಾತ್ರಿ ಶೇಟ್, ಗಾಡಿಗಿ ಏನರ ಬ್ಯಾನಿ ಅದ ಏನ್ರಿ? ಇಷ್ಟು ಒದರ್ಲತ್ತದ."

"ಬ್ಯಾನಿ ಇಲ್ಲೋ, ಮುಂದಿನ ಗಾಲಿ ಎತ್ಲಾಕ ಕಲೀಲತ್ತೀನಿ."

ಅವನು ಬೇವಿನ ಕಡ್ಡಿ ಉಗುಳಿದ. "ಎರಡು ಗಾಲಿ ಕೊಟ್ಟಾರಲ್ರಿ. ಒಂದು ಎತ್ತಿ ಏನ್ ಮಾಡ್ತೀರಿ?" ಎಂದ. ಕಲೆಯ ಗಂಧವಿಲ್ಲದವರ ಜೊತೆ ವಾದ ಮಾಡಬಾರದೆಂದು ನಾನು ಕ್ಯಾನು ತುಂಬಿಕೊಂಡು ಹೊರಟೆ.

ಬರುವಾಗ ಮಾತ್ರ ನಾನು ಬಲು ಮೆತ್ತಗೆ ಬರುತ್ತಿದ್ದೆ. ತುಂಬಿದ ನೀರು ಚೆಲ್ಲಿದರೆ ಮನೆಯಲ್ಲಿ ಏನು ಚೆಲ್ಲುತ್ತದೆಂದು ನನಗೆ ಗೊತ್ತು. ಮೊಣಕಾಲಿನ ಗಾಯಕ್ಕೆ, "ಬೋರಿನ ಹತ್ರ ಭಾಳ ಜಾರ್ತದ," ಎಂದು ಹೇಳಿದ್ದೆ. ಮೀರಾಬಾಯಿ ಅರಿಶಿನ ಹಚ್ಚಿ, "ಹೌದಾ," ಎಂದಿದ್ದಳು. ಸಕೀನಾ ಎರಡು ದಿನ ನೋಡಿ ಮೂರನೇ ದಿನ ತನ್ನ ಕ್ಯಾನನ್ನೂ ತಂದಿಟ್ಟಳು. "ಭಾಯ್‌ಸಾಬ್, ನಮ್ಮನಿಯವ್ರು ಹೈದರಾಬಾದಿಗಿ ಹೋಗ್ಯಾರ. ನೀರಿಗಿ ನಿಮ್ಮನ್ನ ಬಿಟ್ರ ಯಾರಿಲ್ರಿ," ಎಂದಳು. ಇಲ್ಲ ಎನ್ನುವುದು ಹೇಗೆ? ಧೋಂಡಿ ದಿನ ಹತ್ತಿರ ಬರುವ ಹೊತ್ತಿಗೆ ಗಾಲಿ ಒಂದು ಬೆರಳಿನಷ್ಟೂ ಎದ್ದಿರಲಿಲ್ಲ, ನಾನು ಮಾತ್ರ ಗಲ್ಲಿಗೆಲ್ಲ ನೀರು ಹೊರುವ ಭಿಸ್ತಿಯಾಗಿದ್ದೆ.

ಹೊರಡುವ ಹಿಂದಿನ ದಿನ ಅತ್ತೆ ಮತ್ತೆ ಫೋನು ಮಾಡಿದರು. ಭಾಲ್ಕಿಯಲ್ಲಿ ಟ್ಯಾಂಕರ್ ಬಂದಿಲ್ಲ, ಧೋಂಡೆ ಬೇಯಿಸಲು ಮನೆಯಲ್ಲಿದ್ದ ನೀರು ಮುಗಿಯುತ್ತದೆ. "ಕಾಲು ತೊಳಿಲಾಕ, ಊಟದ ಮ್ಯಾಲ ಕುಡಿಲಾಕ ನೀರು ನೀವೇ ತಗೊಂಡು ಬರ್ರಿ," ಎಂದು ಸಂಕೋಚದಿಂದ ಹೇಳಿದರು. ಸಾಕ್ಷಾತ್ ನಾರಾಯಣನು ತನ್ನ ಪಾದ ತೊಳೆಯುವ ನೀರನ್ನು ತಾನೇ ಹೊತ್ತುಕೊಂಡು ಹೋಗಬೇಕಾದ ಕಾಲ ಅದು.

ಹೀಗೆ ನಾವು ಹೊರಟೆವು. ಹಿಂದಿನ ಸೀಟಿನ ಬುಡಕ್ಕೆ ಹಗ್ಗ ಬಿಗಿದು ಎರಡೂ ಕಡೆ ತುಂಬಿದ ಕ್ಯಾನು, ಮೇಲೆ ಅಟ್ಟದಲ್ಲಿ ಹೊಸ ಇಳಕಲ್ ಸೀರೆಯ ಮೀರಾಬಾಯಿ. ಭಾಲ್ಕಿ ಹತ್ತಿರವಾದಾಗ ಒಮ್ಮೆ, "ಹಗೂರ ನಡೀರಿ. ನೀರು ಅದ," ಎಂದಳು. ಹಿಂದೆ ತಾನೂ ಇದ್ದೇನೆ ಅನ್ನಲಿಲ್ಲ.

ಗಾಲಿ ಎತ್ತುವ ಆಸೆಯನ್ನು ನಾನು ಅಷ್ಟರಲ್ಲಿ ಬಿಟ್ಟುಬಿಟ್ಟಿದ್ದೆ. ದೇವರಾಣೆ ಬಿಟ್ಟಿದ್ದೆ. ಅತ್ತೆಯ ಮನೆಯ ಓಣಿ ಸ್ವಲ್ಪ ಏರು. ಏರಿನ ತುದಿಯಲ್ಲಿ ಅತ್ತೆ ಕೌಸಲ್ಯಾಬಾಯಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅವರ ಹಿಂದೆ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಅಷ್ಟು ಜನರನ್ನು ನೋಡಿದ ಮೇಲೆ, ಗಾಲಿ ಏಳದಿದ್ದರೆ ಹೋಗಲಿ, ಸಪ್ಪಳವಾದರೂ ಕೇಳಲಿ ಎಂದು ಎಕ್ಸಿಲೇಟರ್ ಒಮ್ಮೆ ತಿರುವಿದೆ.

ಗಾಲಿ ಎದ್ದಿತು.

ನಾನು ಎಬ್ಬಿಸಲಿಲ್ಲ, ಅದೇ ಎದ್ದಿತು. ಹಿಂದಿನ ತಟ್ಟೆಯಲ್ಲಿ ಎರಡು ಕ್ಯಾನು ನೀರು ಮತ್ತು ಧರ್ಮಪತ್ನಿ, ಮುಂದಿನ ತಟ್ಟೆಯಲ್ಲಿ ಬರೀ ನನ್ನ ಆಸೆ. ಕೆಂಪು ಗಾಡಿ ಸಲಾಮು ಹೊಡೆಯುವಂತೆ ನೆಟ್ಟಗೆ ನಿಂತಿತು. ನನಗೆ ಆಕಾಶ ಕಂಡಿತು, ಅತ್ತೆಯ ಮನೆಯ ಮಾಳಿಗೆ ಕಂಡಿತು, ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಗಳೂ ಕಂಡವು. ಹಿಂದಿನಿಂದ ಮೀರಾಬಾಯಿ, "ಇಳಿಸ್ರಿ," ಎಂದದ್ದು ಕೇಳಿಸಿತು. ಆಮೇಲೆ ಅವಳೇ ಇಳಿದಳು, ಜಾರುಬಂಡೆಯಿಂದ ಇಳಿದಂತೆ ಜಾರಿ ನೆಲದ ಮೇಲೆ ಎರಡೂ ಕಾಲಿನಲ್ಲಿ ನಿಂತಳು. ಹಗ್ಗ ಹರಿದು ಕ್ಯಾನುಗಳೂ ಅವಳ ಹಿಂದೆ ಹೋದವು. ಭಾರ ಹೋದದ್ದೇ ಗಾಲಿ ದಬ್ ಎಂದು ಕೆಳಗೆ ಕೂತಿತು. ಗಾಡಿ ಅತ್ತೆಯ ಕಟ್ಟೆಗೆ ಒರಗಿ, ತನಗೇನೂ ಗೊತ್ತಿಲ್ಲವೆಂಬಂತೆ ಆರಿಹೋಯಿತು. ನಾನು ಹಿಂದಕ್ಕೆ ಉರುಳಿ ಒಡೆದ ಕ್ಯಾನಿನ ನೀರಿನಲ್ಲಿ ಪದ್ಮಾಸನದಲ್ಲಿ ಕೂತಿದ್ದೆ.

ಓಣಿಯ ಹೆಂಗಸರು ಮೊದಲು ನನ್ನ ಕಡೆ ಓಡಿ ಬರಲಿಲ್ಲ, ಉರುಳುತ್ತಿದ್ದ ಇನ್ನೊಂದು ಕ್ಯಾನಿನ ಕಡೆ ಓಡಿದರು. ಅದರಲ್ಲಿ ಅರ್ಧ ನೀರು ಉಳಿಯಿತು. ಅತ್ತೆ ಮಗಳ ಕೈಕಾಲು ಮುಟ್ಟಿ ನೋಡಿ, ಕ್ಯಾನು ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಅಳಿಯನೋರು ಜಳಕಾನೇ ಮಾಡ್ಕೊಂಡು ಬಂದ್ರು. ಇನ್ನ ಕಾಲು ತೊಳಿಯೋದು ಬ್ಯಾಡ," ಎಂದರು.

ಒದ್ದೆ ಬಟ್ಟೆಯಲ್ಲೇ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಆರತಿಯಾಯಿತು. ಅತ್ತೆ ಒಳಗಿನಿಂದ ಫಳಫಳ ಹೊಳೆಯುವ ಒಂದು ತಾಮ್ರದ ಕೊಡ ತಂದು ನನ್ನ ಮುಂದೆ ಇಟ್ಟರು.

"ಮೀರಾ ದಿನಾ ಫೋನ್‌ದಾಗ ಹೇಳ್ತಿದ್ಳರಿ. ನಮ್ಮನಿಯವರು ನಸುಕಿನಾಗ ಎದ್ದು ನೀರು ತರ್ಲತ್ತಾರ, ಎದುರು ಮನಿ ಸಕೀನಾಗೂ ತಂದು ಕೊಡ್ಲತ್ತಾರ, ಅಂಥವ್ರು ಸಿಗೋದು ಪುಣ್ಯ ಅಂತ. ಓಣಿಗೆಲ್ಲ ನಾನೇ ಹೇಳ್ದೆ. ಅದಕ್ಕೇ ನಿಮ್ಮನ್ನ ನೋಡ್ಲಾಕ ಇಷ್ಟು ಮಂದಿ ಬಂದಿದ್ರು. ಅದಕ್ಕೇ ಈ ಸಲ ಕೊಡ ತಂದೆ." ಅತ್ತೆ ಕೊಡವನ್ನು ನನ್ನ ಕಡೆ ಸರಿಸಿ, "ನಮ್ಮ ವೈಜೂನ ಹಂಗ ಗಾಲಿ ಎತ್ತೋದು ನಿಮಗೂ ಅದ ಅಂತ ಗೊತ್ತಿರ್ಲಿಲ್ರಿ," ಎಂದರು.

ನಾನು ಮೀರಾಬಾಯಿಯ ಕಡೆ ನೋಡಿದೆ. ಅವಳು ನನ್ನ ಮೊಣಕಾಲಿನ ಕಡೆ ನೋಡುತ್ತಿದ್ದಳು. ಅರಿಶಿನ ಹಚ್ಚಿದ ಮೊಣಕಾಲು.

"ಕಮಠಾಣದಾಗ ಇದೇ ಕಲೀಲತ್ತಿದ್ರೇನ್ರಿ?" ಎಂದು ಮೆತ್ತಗೆ ಕೇಳಿದಳು.

"ನೀನೇ ವೈಜೂನ ಗಾಲಿ ಹೊಗಳ್ತಿದ್ದಿ. ನನ್ನೂ ಒಂದ್ಸಲ..." ಎಂದು ಒದ್ದೆ ಅಂಗಿಯ ತುದಿ ಹಿಂಡಿದೆ.

"ಹೊಗಳ್ತಿದ್ದೆ? ಅವನು ಗಾಲಿ ಎತ್ತಿದಾಗೆಲ್ಲ ನನ್ನ ಜೀವ ಬಾಯಾಗ ಬರ್ತಿತ್ರಿ. ನೀವರೇ ಕರೆದು ಬುದ್ಧಿ ಹೇಳ್ತೀರಿ ಅಂತ ನಿಮ್ಮ ಮುಂದ ಅಂತಿದ್ದೆ. ಸದ್ಯ, ನಮ್ಮನಿಯವ್ರು ಅಂಥವ್ರಲ್ಲ ಅಂತ ಉಸಿರು ಬಿಟ್ಟು ಸಮಾಧಾನ ಮಾಡ್ಕೋತಿದ್ದೆ."

ಅಂದರೆ ನಾನು ಕೇಳಬೇಕೆಂದು ಒದ್ದಾಡಿದ ಮಾತನ್ನು ಅವಳು ಮೂರು ವಾರದಿಂದ ದಿನವೂ ಹೇಳುತ್ತಿದ್ದಳು. ಅದು ನನ್ನ ಕಿವಿಗೆ ಬೀಳುವ ಹೊತ್ತಿಗೆ ಹಳೆಯದಾಗಿತ್ತು. ನನ್ನ ಕಣ್ಣು ತುಂಬಿತು. ಮೈಯೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಧೋಂಡೆ ಬಹಳ ರುಚಿಯಾಗಿತ್ತು, ಕುಡಿಯಲು ಮಾತ್ರ ಪ್ರತಿಯೊಬ್ಬರಿಗೂ ಅರ್ಧ ಲೋಟ ನೀರು ಸಿಕ್ಕಿತು. ನನಗೆ ಕೊನೆಗೆ ಕೊಟ್ಟರು.

ಬೀದರಿಗೆ ಬಂದ ಮರುದಿನ ನಸುಕಿನಲ್ಲಿ ನಾನು ಕ್ಯಾನು ಕಟ್ಟಿಕೊಂಡು ಹೊರಟಾಗ ಮೀರಾಬಾಯಿ ಆ ತಾಮ್ರದ ಕೊಡ ತಂದಳು. ಮನೆಯಲ್ಲಿ ಉಳಿದಿದ್ದ ಬಳಸಿದ ನೀರು ತುಂಬಿಸಿ, ಬಾಯಿಗೆ ಬಟ್ಟೆ ಬಿಗಿದು, ಗಾಡಿಯ ಟ್ಯಾಂಕಿನ ಮೇಲೆ ನನ್ನ ಎದೆಗೆ ಆನಿಸಿ ಕಟ್ಟಿದಳು.

"ಇದ್ಯಾಕ?" ಎಂದೆ.

"ಎರಡೂ ತಟ್ಟಿ ಸಮ ಇರ್ಬೇಕಂತ ನೀವೇ ಹೇಳ್ತೀರಲ್ರಿ," ಎಂದಳು.

ದಸರೆಗೆ ವೈಜಿನಾಥ ಬಂದ. ಕೊಡ ಹೊತ್ತು ನಿಂತ ತನ್ನ ಸ್ಪೋರ್ಟ್ಸ್ ಬೈಕನ್ನು ಎರಡು ಸುತ್ತು ಹಾಕಿ ನೋಡಿ, ಯಾರಾದರೂ ಕೇಳಿದರೆ ಗಾಡಿ ತನ್ನದೆಂದು ಹೇಳಬೇಡಿರೆಂದು ಕೈಮುಗಿದು, ಬಸ್ಸು ಹತ್ತಿ ಹೋದ. ಮುಂದಿನ ವರ್ಷ ಮಳೆ ಭರಪೂರ ಬಂತು. ಕೆರೆ ತುಂಬಿ ನನ್ನ ಮೈದಾನ ಮುಳುಗಿತು, ಹೈದರಾಬಾದಿಗೆ ಹೋದವರು ತಿರುಗಿ ಬಂದರು, ಗಂಜಿನಲ್ಲಿ ತಕ್ಕಡಿಗಳು ಮತ್ತೆ ಕೆಡತೊಡಗಿದವು. ನಾನು ಧೈರ್ಯ ಮಾಡಿ, "ನಳಕ್ಕ ನೀರು ಬಂದದ, ಇನ್ನ ಈ ಕೊಡ ಇಳಿಸಾಮೇನು?" ಎಂದು ಕೇಳಿದೆ.

"ನೀರು ಬಂದದ ಖರೆ. ನಿಮಗ ಬುದ್ಧಿ ಬರೋತನಕ ಇರ್ಲಿ," ಎಂದು ಮೀರಾಬಾಯಿ ನಳದ ಕೆಳಗೆ ಹಿಡಿದು ಕೊಡವನ್ನು ಕಂಠಮಟ್ಟ ತುಂಬಿದಳು.

ಈಗಲೂ ಗಂಜಿನ ಹಮಾಲರು ನನ್ನನ್ನು ತಡೆದು, ಇಷ್ಟು ನೀರಿದ್ದ ಊರಿನಲ್ಲಿ ಇದನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳುತ್ತಾರೆ. ನೀರಲ್ಲ, ನನ್ನ ತೂಕದ ಕಲ್ಲು ಎಂದು ಹೇಳಿ ನಾನು ಎರಡೂ ಗಾಲಿ ನೆಲಕ್ಕೆ ಊರಿಕೊಂಡು ಮುಂದೆ ಹೋಗುತ್ತೇನೆ.