ಹನ್ನೊಂದು ಕಾದಂಬರಿಗಳೂ ಪೆನ್ಸಿಲ್ಲಿನ ಗೆರೆಗಳೂ

ಬಿ.ಎ. ಓದಿದ ಹೆಣ್ಣು ಪ್ರೇಮದ ಕಾದಂಬರಿ ಓದುತ್ತಾಳೆಂದು ತಿಳಿದರೆ ಜನರಿಗೆ ಏನೋ ಮೋಸವಾದಂತೆ ಅನ್ನಿಸುತ್ತದೆ. ನಾಲ್ಕು ವರ್ಷ ಮೈಸೂರಿನ ಹಾಸ್ಟೆಲಿನ ಸಾರು ಉಂಡು ಬಂದವಳ ಕೈಯಲ್ಲಿ ತರ್ಕಶಾಸ್ತ್ರವಿರಬೇಕು, ಇಲ್ಲವೇ ಒಂದು ನೌಕರಿಯಾದರೂ ಇರಬೇಕು. ನಾನು ನೌಕರಿಗೆ ಅರ್ಜಿ ಹಾಕಿದ್ದೆ. ಉತ್ತರ ಬರುವವರೆಗೆ ಇರಲಿ ಎಂದು ಹಿಡಿದ ಕಾದಂಬರಿಗಳು ಒಂದು ವರ್ಷದಲ್ಲಿ ಹನ್ನೊಂದಾದವು. ಉತ್ತರ ಇನ್ನೂ ಬಂದಿಲ್ಲ. ಆ ಹನ್ನೊಂದರಲ್ಲಿ ನನಗೆ ಮೆಚ್ಚಿಗೆಯಾದವು ಯಾವುವೆಂದು ಪಟ್ಟಿ ಮಾಡಹೊರಟು ನಾನು ಪಟ್ಟ ಪಾಡನ್ನು ಯಾರಿಗೂ ಹೇಳಬಾರದೆಂದುಕೊಂಡಿದ್ದೆ. ಆದರೆ ನಲವತ್ತು ಮಕ್ಕಳ ಬಾಯಿಗೆ ಬಿದ್ದ ಮಾತನ್ನು ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ?

ನಮ್ಮಪ್ಪ ಅಮ್ಮತ್ತಿಯ ಹತ್ತಿರ ಕಾಫಿ ತೋಟವೊಂದರಲ್ಲಿ ರೈಟರು; ಆಳುಗಳ ಹಾಜರಿ ಬರೆಯುವ ಕೆಲಸ. ಹಾಸನದ ಕಡೆಯಿಂದ ಬಂದು ಇಲ್ಲೇ ನಿಂತವರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಕೊಡಗೂ ಮೈಸೂರಿನಂತೆ ಒಂದು ಪ್ರತ್ಯೇಕ ರಾಜ್ಯವೇನೋ ಹೌದು, ಮಂತ್ರಿಗಳೂ ಇದ್ದಾರೆ. ಆದರೆ ಅಮ್ಮತ್ತಿಯ ಸಂತೆಯಲ್ಲಿ ಒಣಮೀನಿನಿಂದ ಕಂಬಳಿಯವರೆಗೆ ಎಲ್ಲವೂ ಸಿಗುತ್ತದೆ, ಕಾದಂಬರಿ ಸಿಗುವುದಿಲ್ಲ. ಅದು ಇದ್ದದ್ದು ಒಬ್ಬರ ಹತ್ತಿರ: ನನ್ನ ತಂಗಿ ಗಿರಿಜೆಯ ಕನ್ನಡ ಮೇಷ್ಟ್ರ ಹತ್ತಿರ. ಇನ್ನೂ ಮೂವತ್ತಾಗದ, ಮದುವೆಯಾಗದ, ಬಿಸಿಲಿನಲ್ಲೂ ಕೊಡೆ ಬಿಡದ ಮನುಷ್ಯ. "ನಮ್ಮಕ್ಕ ಮನೇಲಿ ಸುಮ್ನೆ ಕೂತಿರ್ತಾಳೆ ಸಾರ್" ಎಂದು ಗಿರಿಜೆ ಅವರಿಗೆ ನನ್ನ ಪರಿಚಯ ಮಾಡಿಕೊಟ್ಟಳಂತೆ. ಅಂದೇ ಅವಳ ಚೀಲದಲ್ಲಿ ಮೊದಲನೆಯ ಕಾದಂಬರಿ ಬಂತು.

ಅದರಲ್ಲಿ ನಾಯಕ ನಾಯಕಿ ರೈಲ್ವೆ ಸ್ಟೇಷನ್ನಿನಲ್ಲಿ ಅಗಲುತ್ತಾರೆ. ರೈಲು ಹೋದ ಮೇಲೂ ಅವಳು ಪ್ಲಾಟ್‌ಫಾರಂ ಮೇಲೆ ನಿಂತೇ ಇರುತ್ತಾಳೆ. ನಾನು ಅತ್ತೆ. ಅತ್ತು ಮುಗಿದ ಮೇಲೆ, ನಮ್ಮ ರಾಜ್ಯದಲ್ಲಿ ರೈಲೇ ಇಲ್ಲವೆಂಬುದು ನೆನಪಾಗಿ ಇನ್ನೊಮ್ಮೆ ಅಳು ಬಂತು. ಇಲ್ಲಿ ಅಗಲಬೇಕಾದರೆ ಬಸ್ಸಿನಲ್ಲೇ ಅಗಲಬೇಕು. ಕಂಡಕ್ಟರು "ರೈಟರ ಮಗಳಲ್ವಾ? ಕಿಟಕಿ ಹತ್ರ ಕೂರಿ, ವಾಂತಿ ಬರುತ್ತೆ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ಅಂಥಲ್ಲಿ ಯಾರು ಯಾರಿಗಾಗಿ ನಿಲ್ಲುತ್ತಾರೆ?

"ಯಾಕೆ ಅಳ್ತಿದ್ದೀಯೆ? ಯಾರು ಹೋದ್ರು?" ಎಂದು ಅಮ್ಮ ಗಾಬರಿಯಿಂದ ಒಳಗಿನಿಂದ ಬಂದಳು.

"ಪುಸ್ತಕದಲ್ಲಿ, ಅಮ್ಮ."

"ಅವರ ಮನೆ ಸೂತಕ ನಮಗ್ಯಾಕೆ? ಏಳು, ಹಾಲು ಉಕ್ತಾ ಇದೆ."

ಎರಡನೆಯ ಪುಸ್ತಕದಲ್ಲಿ ಗೆರೆ ಕಂಡೆ. ಒಂದು ವಾಕ್ಯದ ಕೆಳಗೆ ಪೆನ್ಸಿಲ್ಲಿನಿಂದ, ಅಡಿಪಟ್ಟಿ ಇಟ್ಟು ಎಳೆದಂಥ ನೇರ ಗೆರೆ. "ನೀನು ನಡೆದ ದಾರಿಯ ಧೂಳೂ ನನಗೆ ಪರಿಚಿತ." ಮೂರನೆಯದರಲ್ಲಿ ನಾಲ್ಕು ಗೆರೆ. ಐದನೆಯದರಲ್ಲಿ, ಅಂದರೆ ವೈದ್ಯನೊಬ್ಬ ರೋಗಿಯ ತಂಗಿಯನ್ನು ಪ್ರೀತಿಸಿ ಮುನ್ನೂರು ಪುಟ ಬಾಯಿ ಬಿಡದೆ ಇರುವ ಕಾದಂಬರಿಯಲ್ಲಿ, ಒಂಬತ್ತು. ಮೇಷ್ಟ್ರಂಥ ಗದ್ದಲವಿಲ್ಲದ ಮನುಷ್ಯ ತನ್ನ ಮನಸ್ಸನ್ನು ಮತ್ತೆ ಹೇಗೆ ಹೇಳಬೇಕು? ನಾನಾದರೂ ಹೀಗೇ ಹೇಳುತ್ತಿದ್ದೆ. ಅಂದಿನಿಂದ ನಾನು ಕಥೆ ಓದುವುದನ್ನು ಬಿಟ್ಟು ಗೆರೆ ಓದತೊಡಗಿದೆ. ವಿಮರ್ಶೆಯ ಪತ್ರಿಕೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ ನಾನು ಪಟ್ಟಿ ಮಾಡಿದ್ದು ಹೀಗೆ: ಒಂಬತ್ತು ಗೆರೆಯ ವೈದ್ಯನಿಗೆ ಮೊದಲ ಸ್ಥಾನ; ಏಳು ಗೆರೆಯ, ಸೇತುವೆ ಕಟ್ಟುವ ಇಂಜಿನಿಯರನಿಗೆ ಎರಡನೆಯದು. ಅವನು ಕಟ್ಟಿದ ಸೇತುವೆ ಮಧ್ಯದಲ್ಲೇ ಕುಸಿಯುತ್ತದೆ, ಕಥೆಯೂ ಕುಸಿಯುತ್ತದೆ; ಆದರೂ ಏಳು ಗೆರೆ. ನಿಜವಾಗಿ ಚೆನ್ನಾಗಿದ್ದ, ಇಬ್ಬರು ವಿಧವೆಯರ ಸ್ನೇಹದ ನಡುವೆ ಬೆಳೆಯುವ ಪ್ರೇಮದ ಕಾದಂಬರಿಗೆ ಒಂದೂ ಗೆರೆ ಇರಲಿಲ್ಲ. ಅದನ್ನು ಹನ್ನೊಂದನೆಯ ಸ್ಥಾನಕ್ಕೆ ನೂಕಿದೆ. ಆ ಲೇಖಕರು ನನ್ನನ್ನು ಕ್ಷಮಿಸಲಿ.

ಸಂತೆಯಲ್ಲಿ ಒಮ್ಮೆ ಮೇಷ್ಟ್ರು ಎದುರಾದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸಿಹಿಗೆಣಸು. ಅವರೊಡನೆ ಆಡಬೇಕಾದ ಮಾತುಗಳನ್ನು ನಾನು ತಿಂಗಳುಗಟ್ಟಲೆ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ.

"ಪುಸ್ತಕ ಓದಿದಿರಾ?"

"ಓದಿದೆ."

"ಇನ್ನೊಂದು ಕಳಿಸಲಾ?"

"ಕಳಿಸಿ."

ಇಷ್ಟೇ. ಮನೆಗೆ ಬಂದು ಈ ಸಂಭಾಷಣೆಯನ್ನು ಹನ್ನೆರಡು ಬಗೆಯಲ್ಲಿ ವ್ಯಾಖ್ಯಾನಿಸಿದೆ.

ಅಷ್ಟರಲ್ಲಿ ಬೇಸಿಗೆ ರಜೆ ಹತ್ತಿರವಾಯಿತು. ಮೇಷ್ಟ್ರಿಗೆ ವರ್ಗವಾಗುತ್ತದಂತೆ ಎಂದು ಗಿರಿಜೆ ಸುದ್ದಿ ತಂದಳು. ಇನ್ನು ಸುಮ್ಮನಿದ್ದರೆ ಉಳಿಯುವುದು ಪಟ್ಟಿ ಮಾತ್ರ ಎಂದು ಹೆದರಿಕೆಯಾಯಿತು. ಹನ್ನೊಂದನೆಯ ಕಾದಂಬರಿಯನ್ನು ಹಿಂದಿರುಗಿಸುವ ಮೊದಲು, ಅಡಿಪಟ್ಟಿ ಇಟ್ಟು, ಅವರ ಗೆರೆಯಂತೆಯೇ ನೇರವಾಗಿ, ಒಂದು ವಾಕ್ಯದ ಕೆಳಗೆ ಗೆರೆ ಎಳೆದೆ: "ನಿಮ್ಮನ್ನು ಕೇಳುವ ಧೈರ್ಯ ನನಗಿಲ್ಲ, ನೀವು ಕೇಳಿದರೆ ಇಲ್ಲವೆನ್ನುವ ಧೈರ್ಯವೂ ಇಲ್ಲ." ನನ್ನ ಜೀವನದಲ್ಲಿ ನಾನು ಮಾಡಿದ ಅತಿ ದೊಡ್ಡ ಸಾಹಸ ಅದು. ಪುಸ್ತಕ ಮಾರನೆಯ ದಿನವೇ ಗಿರಿಜೆಯ ಚೀಲ ಸೇರಿತು.

ಮೂರನೆಯ ದಿನ ಸಂಜೆ ಗಿರಿಜೆ ಜಗಲಿಯಲ್ಲಿ ಕುಳಿತು ಬಾಯಲ್ಲಿ ಹೇಳಿಕೊಳ್ಳುತ್ತಾ ಏನೋ ಬರೆಯುತ್ತಿದ್ದಳು. "ನಿಮ್ಮನ್ನು... ಕೇಳುವ... ಧೈರ್ಯ..."

ನಾನು ಅವಳ ಪಕ್ಕಕ್ಕೆ ಓಡಿದೆ. "ಏನೇ ಅದು?"

"ಕಾಪಿ ಬರೀತಾ ಇದ್ದೀನಿ. ದಿನಾ ಒಂದು ಸಾಲು, ಹತ್ತು ಸಲ. ಪಾಠದ ಪುಸ್ತಕದ ಸಾಲು ಎಲ್ಲ ಮುಗಿದು ಹೋಯ್ತಲ್ಲ, ಅದಕ್ಕೇ ಸಾರ್ ಕಥೆಪುಸ್ತಕದಲ್ಲಿ ಗೆರೆ ಎಳೆದಿಟ್ಕೊಂಡಿರ್ತಾರೆ. ಅದನ್ನೇ ಬೋರ್ಡಿಗೆ ಬರೀತಾರೆ, ಕ್ಲಾಸಿನ ನಲವತ್ತು ಜನಾನೂ ಓದ್ಕೊಂಡು ಬರೀತೀವಿ. ನಿಂಗೊತ್ತಿಲ್ವಾ?"

ಕಾಪಿ ಪುಸ್ತಕವನ್ನು ಕಸಿದು ಹಿಂದಕ್ಕೆ ತಿರುವಿದೆ. ದಾರಿಯ ಧೂಳು ಹತ್ತು ಸಲ. ವೈದ್ಯನ ಒಂಬತ್ತೂ ನಿಟ್ಟುಸಿರುಗಳು ತಲಾ ಹತ್ತು ಸಲ. ಕೆಳಗೆ ಕೆಂಪು ಶಾಯಿ: 'ಅಕ್ಷರ ಇನ್ನೂ ದುಂಡಗಿರಲಿ.' ವರ್ಷವಿಡೀ ನನಗೆ ಪುಸ್ತಕ ಹೊತ್ತು ತಂದವಳ ಪುಸ್ತಕವನ್ನು ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ.

"ಇವತ್ತಿನ ಸಾಲು ಬರೆಯುವಾಗ... ಮೇಷ್ಟ್ರು ಏನಾದರೂ ಅಂದರಾ?"

"ಹೂಂ. ಸ್ವಲ್ಪ ಹೊತ್ತು ಪುಸ್ತಕ ನೋಡ್ತಾ ನಿಂತ್ರು. 'ಇದಕ್ಕೆ ನಾನು ಯಾವಾಗ ಗೆರೆ ಎಳೆದೆನಪ್ಪಾ' ಅಂದ್ರು. ಆಮೇಲೆ, 'ಇರ್ಲಿ, ಬರ್ಕೊಳ್ಳಿ' ಅಂದ್ರು. ಅಕ್ಕಾ, ಕೈ ನೋಯ್ತಿದೆ ಕಣೆ. ಉಳಿದ ನಾಲ್ಕು ನೀನೇ ಬರೀ."

ಬರೆದೆ. ಯಾಕೆ ಬರೆದೆನೋ! ಗೆರೆಯನ್ನು ಗುರುತಿಸದಿದ್ದರೆ ಕೈಬರಹವನ್ನಾದರೂ ಗುರುತಿಸಿಯಾರು ಎಂಬ ಕೊನೆಯ ದುರಾಸೆ ಇದ್ದಿರಬೇಕು. ಗುರುತಿಸಿದರು. ಮಾರನೆಯ ದಿನ ಕೆಂಪು ಶಾಯಿಯಲ್ಲಿ ಬಂದ ಉತ್ತರ: 'ಕೊನೆಯ ನಾಲ್ಕು ಸಾಲು ನಿನ್ನದಲ್ಲ. ಬೇರೆಯವರಿಂದ ಬರೆಸಬಾರದು. ಪುನಃ ಹತ್ತು ಸಲ ಬರೆ.' ಒಂದು ವರ್ಷದಲ್ಲಿ ನನ್ನ ವಿಷಯವಾಗಿ ಅವರು ಬರೆದದ್ದು ಅಷ್ಟು. ಅದರಲ್ಲಿ ನಾನು 'ಬೇರೆಯವರು'.

ಗಿರಿಜೆ ಕಾಪಿ ಪುಸ್ತಕವನ್ನು ನನ್ನ ಮಡಿಲಿಗೆ ಎಸೆದಳು. "ನಿನ್ನಿಂದ್ಲೇ ನಂಗೆ ಬೈಗುಳ! ನೀನು ಪಕ್ಕದಲ್ಲಿ ಕೂತು ಹೇಳ್ತಾ ಹೋಗು, ನಾನು ಬರೀತೀನಿ. ಪ್ರತಿ ಸಲ ಮೇಲಿನ ಸಾಲು ನೋಡಿ ನೋಡಿ ಕತ್ತು ನೋಯುತ್ತೆ."

ಹಾಗೆ, ಯಾರೆದುರೂ ಬಾಯಿ ಬಿಡದ ನಾನು ಆ ಮಾತನ್ನು ಸ್ಪಷ್ಟವಾಗಿ, ಗಟ್ಟಿಯಾಗಿ, ಒಂದಾದ ಮೇಲೊಂದರಂತೆ ಹೇಳತೊಡಗಿದೆ. ಮೂರನೆಯ ಸಲಕ್ಕೆ ಗಿರಿಜೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಇಷ್ಟು ಅವಸರ ಮಾಡಿದ್ರೆ ಹೇಗಕ್ಕಾ? ಸ್ವಲ್ಪ ನಿಧಾನವಾಗಿ ಹೇಳು."

ನಾನು ಅವಸರದವಳೆಂದು ಇದುವರೆಗೆ ಯಾರೂ ಅಂದಿರಲಿಲ್ಲ.