ರಜೆಯ ದಿನವೇ ರಜೆ ಹಾಕಿದ ಸ್ಲೋ ಕುಕ್ಕರ್ ಅವರಿಗೆ

ಶ್ರೀಯುತ ಸ್ಲೋ ಕುಕ್ಕರ್ ಅವರ ಸನ್ನಿಧಾನಕ್ಕೆ,
ಕಿಟಕಿ ಪಕ್ಕದ ಕಟ್ಟೆ, ಬ್ಯಾಕ್‌ಲುಂಡ್ ಅವರ ಅಡುಗೆಮನೆ,
ಹಾಲ್ವರ್ ಫಾಲ್ಸ್, ಮಿನ್ನೆಸೋಟ.

ಮಾನ್ಯರೇ,

ತಮ್ಮ ಗಾಜಿನ ಮುಚ್ಚಳಕ್ಕೂ, ಇಡೀ ಸಂಸಾರಕ್ಕಾಗುವಷ್ಟು ವಿಶಾಲವಾದ ತಮ್ಮ ಉದರಕ್ಕೂ, ಎದೆಯ ಮೇಲೆ ಪದಕದಂತೆ ಹೊಳೆಯುವ ತಮ್ಮ ಕೆಂಪು ದೀಪಕ್ಕೂ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕೆಲಸವನ್ನೇ ಮಾಡದವರ ಕ್ಷೇಮಕ್ಕೆ ಏನು ಕೊರತೆ. ಈ ಪತ್ರವನ್ನು ಖಾಸಗಿಯಾಗಿ, ಅಂದರೆ ತಮ್ಮ ಮುಚ್ಚಳ ತೆಗೆದು ಒಳಗೆ ಹಾಕಿ, ತಲುಪಿಸಬಹುದಿತ್ತು. ಆದರೆ ತಮ್ಮೊಳಗೆ ಬೆಳಿಗ್ಗೆ ಹಾಕಿದ್ದು ಸಂಜೆಯವರೆಗೂ ಇದ್ದ ಹಾಗೇ ಇರುತ್ತದೆ ಎಂಬ ಅನುಭವ ನನಗಾಗಿರುವುದರಿಂದ, ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ.

ಕರೆಂಟಿನ ಸಣ್ಣ ಶಾಖದಲ್ಲಿ ದಿನವಿಡೀ ನಿಧಾನವಾಗಿ ಬೇಯಿಸುವ ಪಾತ್ರೆಯಾದ ತಾವು ನಮ್ಮ ಮನೆಗೆ ಹೊಸಬರಾದ್ದರಿಂದ ನನ್ನ ಪರಿಚಯ ಹೇಳಿಕೊಳ್ಳುವುದು ಶಿಷ್ಟಾಚಾರ. ನಾನು ರೋಂಡಾ, ಬ್ಯಾಕ್‌ಲುಂಡ್ ಮನೆತನದ ಸೊಸೆ. ನಮ್ಮ ಕಡೆ ಯಾರ ಕೈಯಡುಗೆಯನ್ನೂ ಯಾರೂ ಬಾಯಿಬಿಟ್ಟು ಹಳಿಯುವುದಿಲ್ಲ. ಹಬ್ಬದ ಊಟಕ್ಕೆ ಯಾರು ಏನು ತರಬೇಕೆಂದು ನಮ್ಮತ್ತೆ ವರ್ನಾ ಅವರು ಫೋನಿನಲ್ಲಿ ಹಂಚಿಕೊಡುತ್ತಾರಲ್ಲ, ಅದರಲ್ಲೇ ಅವರವರ ಯೋಗ್ಯತೆ ಅವರವರಿಗೆ ತಿಳಿದುಹೋಗುತ್ತದೆ. ನನ್ನ ನಾದಿನಿ ಜನೆಲ್‌ಗೆ ಬೇರೆ ಮನೆ ಹೂಡಿದ ಮೊದಲ ವರ್ಷ ಆಲೂಗಡ್ಡೆ, ಮರುವರ್ಷವೇ ಪೈ ಎಂಬ ಹಣ್ಣಿನ ಕಡುಬು. ಗಂಡನ ಚಿಕ್ಕಪ್ಪನ ಮಗನಿಗೆ ನಿಶ್ಚಯವಾದ ಹುಡುಗಿ ಮದುವೆಗೆ ಮೊದಲೇ ಹಸಿರು ಜೆಲ್ಲಿಯ ಸಲಾಡಿಗೆ ಬಡ್ತಿ ಪಡೆದಳು. ನನಗೆ ಮಾತ್ರ ಮದುವೆಯಾದ ಹನ್ನೊಂದು ವರ್ಷವೂ ಒಂದೇ ಖಾತೆ: ಕಾಗದದ ಕೈವಸ್ತ್ರ ಮತ್ತು ಐಸು. ಇದಕ್ಕೆ ಕಾರಣ ನಾನು ಹೊಸದರಲ್ಲಿ ಮಾಡಿದ ಒಂದು ಮೀನಿನ ಖಾದ್ಯವೆಂದು ಕೇಳಿದ್ದೇನೆ, ಅದನ್ನು ಕುರಿತು ಆವತ್ತು ಎಲ್ಲರೂ 'ಬೇರೆ ಥರ ಇದೆ' ಎಂದು ಮೆಚ್ಚಿಕೊಂಡಿದ್ದರು.

ಈ ವರ್ಷ ಅತ್ತೆಯವರ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಸೈನಿಕರ ಸ್ಮರಣೆಯ ಸೋಮವಾರಕ್ಕೆ, ಅಂದರೆ ಮೇ ತಿಂಗಳ ಕೊನೆಯ ಉದ್ದನೆಯ ರಜೆಗೆ, ಇಡೀ ಬಳಗ ಸೇರುವ ಊಟವನ್ನು ಮಾಡುವವರು ಯಾರೆಂಬ ಪ್ರಶ್ನೆ ಎದ್ದಿತು. ಜನೆಲ್ ಮನೆಯಲ್ಲಿ ಬಣ್ಣ ಬಳಿಯುತ್ತಿದ್ದರು. ಅತ್ತೆ ನನಗೆ ಫೋನು ಮಾಡಿ, ಹವಾಮಾನ ವಿಚಾರಿಸಿ, ನಮ್ಮ ನಾಯಿಯ ಆರೋಗ್ಯ ವಿಚಾರಿಸಿ, ಕೊನೆಗೆ "ಮಾಂಸ ನೀನೇ ನೋಡ್ಕೋಮ್ಮ" ಅಂದರು. ನನ್ನ ಗಂಡ ಗ್ಲೆನ್ ಈ ಸುದ್ದಿ ಕೇಳಿ ನಿಂತಿದ್ದವರು ಕೂತರು. ಮಾನ್ಯರೇ, ಇದು ಒಂದು ಹೊತ್ತಿನ ಊಟದ ಮಾತಲ್ಲ. ಮಾಂಸ ಬೆಂದರೆ ನಾನು ಆ ಮನೆಯ ಸೊಸೆ, ಬೇಯದಿದ್ದರೆ ಬದುಕಿರುವವರೆಗೂ ಐಸಿನವಳು. ನನ್ನ ಈ ಭವಿಷ್ಯವನ್ನು ನಾನು ತಮ್ಮ ಕೈಗೆ, ತಮಗೆ ಕೈ ಇಲ್ಲದ ಕಾರಣ ತಮ್ಮ ಹಿಡಿಕೆಗಳಿಗೆ, ಒಪ್ಪಿಸಿದ್ದೆ.

ಒಪ್ಪಿಸಲು ಕಾರಣ ತಮ್ಮ ಪೆಟ್ಟಿಗೆಯ ಮೇಲಿನ ಮಾತು. 'ಬೆಳಿಗ್ಗೆ ಹಾಕಿ, ಮರೆತುಬಿಡಿ, ಸಂಜೆ ಬಡಿಸಿ' ಎಂದು ದೊಡ್ಡಕ್ಷರದಲ್ಲಿ ಬರೆದು, ಪಕ್ಕದಲ್ಲೇ ಒಬ್ಬ ಹೆಂಗಸು ಕಾಲು ಚಾಚಿ ಪುಸ್ತಕ ಓದುತ್ತ ನಗುವ ಚಿತ್ರ ಹಾಕಿದ್ದರು. ಆಕೆಗೆ ಅತ್ತೆ ಇಲ್ಲವೆಂಬುದು ಮುಖ ನೋಡಿದರೇ ಗೊತ್ತಾಗುತ್ತಿತ್ತು, ಆದರೂ ನಾನು ಮೋಸಹೋದೆ. ನಿಧಾನವೇ ಪ್ರಧಾನವೆಂದು ಹಿರಿಯರು ಹೇಳಿದ್ದು ತಮ್ಮಂಥವರನ್ನು ನೋಡಿಯೇ ಇರಬೇಕೆಂದುಕೊಂಡೆ.

ಶುಕ್ರವಾರ ಸಂಜೆಯಿಂದಲೇ ಬಳಗ ಬಂದಿಳಿಯಿತು. ಹಾಸಿಗೆ, ಸೋಫಾ, ನೆಲ ಎಲ್ಲ ತುಂಬಿ, ಇಬ್ಬರು ಸ್ನಾನದ ತೊಟ್ಟಿಯಲ್ಲಿ ಮಲಗುವ ಪ್ರಸ್ತಾಪವನ್ನೂ ಸೌಜನ್ಯದಿಂದ ಮುಂದಿಟ್ಟರು. ಶನಿವಾರ ಗಂಡಸರು ದೋಣಿಯನ್ನು ಕೆರೆಗಿಳಿಸಲು ಹೋಗಿ, ದೋಣಿ ಇಳಿದು, ಅದನ್ನು ಎಳೆದೊಯ್ದ ಗಾಡಿಯೂ ಅರ್ಧ ಇಳಿದು, ದಿನವಿಡೀ ಅದನ್ನು ಮೇಲೆತ್ತುವುದೇ ಆಯಿತು. ಭಾನುವಾರ ಚರ್ಚು, ಚರ್ಚಿನ ಕಾಫಿ, ಕಾಫಿ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಹೊರಡುತ್ತೇವೆಂದು ಹೇಳಿಕೊಳ್ಳುವ ನಮ್ಮ ಕಡೆಯ ಪದ್ಧತಿ. ಅದಕ್ಕೆ ಊಟಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇಷ್ಟರ ನಡುವೆ ನಮ್ಮ ಮಾವ ಆರ್ವಿಲ್ ಅವರೊಬ್ಬರೇ ಯಾರಿಗೂ ತೊಂದರೆ ಕೊಡದೆ, ಕೋಣೆಯಿಂದ ಕೋಣೆಗೆ ಮೆಲ್ಲಗೆ ಓಡಾಡಿಕೊಂಡಿದ್ದರು. ಹಾಲಿನ ಡೈರಿಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಖಾಲಿ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಸೋಮವಾರ ಬೆಳಿಗ್ಗೆ ನಾನು ತಮ್ಮನ್ನು ಕಟ್ಟೆಯ ಮೇಲೆ ಪ್ರತಿಷ್ಠಾಪಿಸಿ, ದನದ ಭುಜದ ಮಾಂಸದ ದೊಡ್ಡ ತುಂಡು, ಕ್ಯಾರೆಟ್ಟು, ಆಲೂಗಡ್ಡೆ, ಈರುಳ್ಳಿ ಸೂಪಿನ ಪುಡಿ ಎಲ್ಲವನ್ನೂ ಭಕ್ತಿಯಿಂದ ಸಮರ್ಪಿಸಿದೆ. ಮಾಮೂಲಿ ಪ್ಲಗ್ ಪಾಯಿಂಟನ್ನು ಚರ್ಚಿನಿಂದ ಎರವಲು ತಂದ ಕಾಫಿ ಹಂಡೆ ಆಕ್ರಮಿಸಿದ್ದರಿಂದ ತಮ್ಮನ್ನು ಕಿಟಕಿ ಪಕ್ಕದ ಪಾಯಿಂಟಿಗೆ ಸೇರಿಸಿದೆ. ಕಿಟಕಿ ಎಂಬುದು ಹೆಸರಿಗೆ ಮಾತ್ರ. ಅದರೆದುರು ನೆರೆಮನೆಯ ಗ್ಯಾರೇಜಿನ ಗೋಡೆ ಇರುವುದರಿಂದ ನಮ್ಮ ಅಡುಗೆಮನೆಗೆ ಹೋದವರು ಮಧ್ಯಾಹ್ನವೂ ದೀಪ ಹಾಕಲೇಬೇಕು. ಮುಚ್ಚಳ ತೆಗೆದಷ್ಟೂ ಅಡುಗೆ ತಡವಾಗುತ್ತದೆಂದು ತಮ್ಮ ಕೈಪಿಡಿಯಲ್ಲಿದ್ದ ಕಾರಣ 'ದಯವಿಟ್ಟು ಮುಚ್ಚಳ ತೆಗೆಯಬೇಡಿ' ಎಂದು ಚೀಟಿ ಬರೆದು ಅಂಟಿಸಿದೆ. ನಮ್ಮ ಜನ ಚೀಟಿಗೆ ಎಷ್ಟು ವಿಧೇಯರೆಂದರೆ, ಬೇಡ ಎಂದು ಬರೆದ ಮೇಲೆ ಬೆಂಕಿ ಹತ್ತಿದರೂ ತೆಗೆಯುವವರಲ್ಲ. ನಂತರ ಎಲ್ಲರೂ ಸ್ಮಶಾನಕ್ಕೆ ಜೆರೇನಿಯಂ ಹೂವಿನ ಕುಂಡಗಳನ್ನು ಹೊತ್ತು ಹೊರಟೆವು. ಮಾವ ಕೊನೆಯಲ್ಲಿ ಬಂದು ಕಾರು ಹತ್ತಿದರು.

ತಮ್ಮ ಕರ್ತವ್ಯನಿಷ್ಠೆಗೆ ಸಾಕ್ಷಿಗಳ ಕೊರತೆಯಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಸೈನಿಕರ ಸಮಾಧಿಗಳ ಮೇಲೆ ನೆಡಲು ತರಬೇಕಿದ್ದು ಮರೆತುಹೋದ ಬಾವುಟಗಳಿಗಾಗಿ ನಾನು ಮಾವನ ಜೊತೆ ಮನೆಗೆ ಬಂದು ಅಡುಗೆಮನೆಯ ದೀಪ ಹಾಕಿದಾಗ ತಮ್ಮ ಕೆಂಪು ದೀಪ ಉರಿಯುತ್ತಿತ್ತು. ಮೆರವಣಿಗೆ ನೋಡಲು ಮಡಚುವ ಕುರ್ಚಿಗಳನ್ನು ಒಯ್ಯಲು ಗ್ಲೆನ್ ತಂದೆಯ ಜೊತೆ ಬಂದಾಗಲೂ ಉರಿಯುತ್ತಿತ್ತು. ಅಗ್ನಿಶಾಮಕ ಗಾಡಿ, ಟ್ರ್ಯಾಕ್ಟರುಗಳು, ಹೈಸ್ಕೂಲಿನ ವಾದ್ಯಮೇಳ ಎಲ್ಲ ಸಾಗಿಹೋಗಿ ನಾವು ಮನೆಗೆ ಮರಳಿ ಜಗುಲಿಯ ಮೇಲೆ ಕೂತ ಮೇಲೆ, ಮಗುವಿನ ಟೋಪಿಗೆಂದು ಒಳಗೆ ಹೋದ ಜನೆಲ್ ಕೂಡ ಉರಿಯುತ್ತಿದೆ ಎಂದು ತುಸು ನಿರಾಸೆಯಿಂದಲೇ ವರದಿ ಮಾಡಿದಳು. ನಾನು ಆ ಪೆಟ್ಟಿಗೆಯ ಹೆಂಗಸಿನಂತೆ ಕಾಲು ಚಾಚಿ ಕೂತಿದ್ದೆ. ಹನ್ನೊಂದು ವರ್ಷದಲ್ಲಿ ನಾನು ಅಷ್ಟು ಸುಖವಾಗಿ ಕೂತ ಹಬ್ಬ ಇನ್ನೊಂದಿಲ್ಲ.

ಸಂಜೆ ಎಲ್ಲರೂ ಮೇಜಿನ ಸುತ್ತ ಕೂತು, ಪ್ರಾರ್ಥನೆ ಮುಗಿಸಿದ ಮೇಲೆ ನಾನು ತಮ್ಮ ಮುಚ್ಚಳ ತೆಗೆದೆ. ಮಾನ್ಯರೇ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇದು ಕೈಗೂ ಬರುವ ಸ್ಥಿತಿಯಲ್ಲಿರಲಿಲ್ಲ. ಬೆಳಿಗ್ಗೆ ಒಳಗೆ ಹೋದಾಗ ಹೇಗಿತ್ತೋ ಹಾಗೆಯೇ, ಉಗುರುಬೆಚ್ಚಗಿನ ನೀರಿನಲ್ಲಿ ಆ ಮಾಂಸ ವಿಶ್ರಾಂತಿ ಪಡೆಯುತ್ತಿತ್ತು. ಮುಳ್ಳುಚಮಚ ಚುಚ್ಚಿದರೆ ಚಮಚ ಹಿಂದಕ್ಕೆ ಬಂತು. ಗ್ಲೆನ್ ಒಂದು ಕ್ಯಾರೆಟ್ಟು ಕಡಿದ ಸದ್ದು ಪಕ್ಕದ ಬೀದಿಗೆ ಕೇಳಿಸಿರಬೇಕು. ಗರಿಗರಿಯಾಗಿದೆ ಎಂದರು ಪಾಪ. ಅತ್ತೆ ಊರುಗೋಲಿನ ಮೇಲೆ ಗಲ್ಲವೂರಿ ತಮ್ಮೊಳಗೆ ಬಹಳ ಹೊತ್ತು ಇಣುಕಿ ನೋಡಿ ಹೇಳಿದರು, "ಬಣ್ಣ ಚೆನ್ನಾಗಿ ಬಂದಿದೆ."

ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಎಲ್ಲರೂ ಹಸಿವೇ ಇಲ್ಲವೆಂದು ಒಬ್ಬರಿಗಿಂತ ಒಬ್ಬರು ಮುಂದಾಗಿ ಹೇಳುತ್ತ ಮತ್ತೆ ಜಗುಲಿಗೆ ಹೋದರು. ಜನೆಲ್ ಮಾತ್ರ ನನಗೆ ಕೇಳುವಷ್ಟು ಮೆಲ್ಲಗೆ, "ಪಾಪ, ಅವಳು ಕಷ್ಟಪಟ್ಟಿದ್ದಾಳೆ. ಇನ್ಮೇಲೆ ಹಬ್ಬದೂಟ ನಮ್ಮನೇಲೇ ಇಟ್ಕೊಂಡ್ರಾಯ್ತು ಬಿಡಿ" ಅಂದಳು. ನಾನು ಅಡುಗೆಮನೆಯಲ್ಲೇ ಉಳಿದೆ. ನನಗೆ ಅಳು ಬಂದಿತ್ತು, ಅದನ್ನು ತಮ್ಮೆದುರು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆಗ ಮಾವ, ಮೂಲೆಯಲ್ಲಿ ಕೂತಿದ್ದ ನನ್ನನ್ನು ಗಮನಿಸದೆ, ಬಾಗಿಲ ಬಳಿ ಬಂದು ಗೋಡೆಯ ಸ್ವಿಚ್ಚು ಒತ್ತಿದರು. ಮೇಲಿನ ದೀಪ ಆರಿತು. ತಮ್ಮ ಕೆಂಪು ದೀಪವೂ ಆರಿತು. ನಾನು ಬಿಕ್ಕಿದ್ದು ಕೇಳಿ ಗಾಬರಿಯಿಂದ ಮತ್ತೆ ಒತ್ತಿದರು, ಎರಡೂ ಹೊತ್ತಿಕೊಂಡವು. ನಾವಿಬ್ಬರೂ ತಮ್ಮನ್ನು ನೋಡಿದೆವು. ಅವರು ಇನ್ನೊಮ್ಮೆ ಆರಿಸಿದರು, ಇನ್ನೊಮ್ಮೆ ಹಾಕಿದರು. ಈ ಮನೆಯನ್ನು ನಮಗೆ ಮಾರಿದ ಮಹಾಶಯ ವೈರಿಂಗನ್ನು ಸ್ವಹಸ್ತದಿಂದ ಮಾಡಿದ್ದೆಂದು ಹೆಮ್ಮೆಯಿಂದ ಹೇಳಿದ್ದು ಆಗ ಅರ್ಥವಾಯಿತು: ಕಿಟಕಿ ಪಕ್ಕದ ಪಾಯಿಂಟನ್ನು ಅವರು ದೀಪದ ಸ್ವಿಚ್ಚಿಗೇ ಜೋಡಿಸಿದ್ದರು. ಅಂದರೆ, ಯಾರೂ ಇಲ್ಲದಾಗ ದುಡಿಯಲೆಂದೇ ಹುಟ್ಟಿದ ತಾವು, ಯಾರಾದರೂ ಒಳಗೆ ಕಾಲಿಟ್ಟರೆ ದೀಪ ಹೊತ್ತಿಸಿ ಎದ್ದು ಕೂತು, ಅವರು ಹೊರಗೆ ಹೋದ ಕೂಡಲೇ ಮಲಗಿಬಿಡುತ್ತಿದ್ದಿರಿ. ಸಾಹೇಬರ ಬೂಟಿನ ಸಪ್ಪಳಕ್ಕೆ ಫೈಲು ಬಿಡಿಸುವ ಗುಮಾಸ್ತರನ್ನು ನಾನು ಕಂಡಿದ್ದೇನೆ, ಆದರೆ ಅವರು ಕೂಡ ಇಷ್ಟು ಕರಾರುವಾಕ್ಕಾಗಿ ಮೋಸ ಮಾಡಲಾರರು. ಒಂದು ಕೆಮ್ಮು, ಒಂದು ಸಣ್ಣ ಕೂಗು, ಏನಾದರೂ ಸುಳಿವು ಕೊಡಬಾರದಿತ್ತೇ?

ನನ್ನ ಮರ್ಯಾದೆ ಉಳಿಸುವ ಮಾತು ಈಗ ನನ್ನ ನಾಲಿಗೆಯ ತುದಿಯಲ್ಲಿತ್ತು. ಜಗುಲಿಗೆ ಹೋಗಿ ಹೇಳಿದ್ದರೆ ಸಾಕು. ಆದರೆ ಮಾವನ ಮುಖ ನೋಡಿ ನನ್ನಿಂದ ಆಗಲಿಲ್ಲ. ನಾನು ತಂದ ಐಸನ್ನು ಪ್ರತಿ ಹಬ್ಬದಲ್ಲೂ 'ಈ ಸಲ ತುಂಬಾ ತಣ್ಣಗಿದೆ' ಎಂದು ಎಲ್ಲರೆದುರು ಹೊಗಳುತ್ತಿದ್ದವರು ಅವರೊಬ್ಬರೇ. "ನಾನೇ ಹೇಳ್ತೀನಮ್ಮ," ಎಂದು ಅವರು ಹೊರಟರು. ಬೇಡವೆಂದು ನಾನು ತೋಳು ಹಿಡಿದೆ. ಅವರು ಹೋಗುತ್ತೇನೆನ್ನುವುದು, ನಾನು ಬಿಡೆನೆನ್ನುವುದು, ಅಭ್ಯಾಸಬಲದಿಂದ ಅವರ ಇನ್ನೊಂದು ಕೈ ಸ್ವಿಚ್ಚು ಆರಿಸುವುದು, ಹೀಗೆ ನಾವಿಬ್ಬರೂ ಕತ್ತಲಲ್ಲಿ ಜಗ್ಗಾಡುತ್ತಿರುವಾಗ ಊರುಗೋಲಿನ ಸದ್ದು ಕೇಳಿತು.

ಮಾವ ಗಾಬರಿಯಿಂದ ಸ್ವಿಚ್ಚು ಹಾಕಿದರು, ಮೇಲಿನ ದೀಪವೂ ತಮ್ಮ ಕೆಂಪು ದೀಪವೂ ಒಟ್ಟಿಗೆ ಹೊತ್ತಿದವು, ಬಾಗಿಲಲ್ಲಿ ಅತ್ತೆ ನಿಂತಿದ್ದರು. ಸ್ವಿಚ್ಚಿನ ಮೇಲಿದ್ದ ಗಂಡನ ಬೆರಳನ್ನು ನೋಡಿದರು, ತಮ್ಮನ್ನು ನೋಡಿದರು, ನನ್ನ ಕೆಂಪು ಮೂಗನ್ನು ನೋಡಿದರು. ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

"ನಲವತ್ತಾರು ವರ್ಷದಿಂದ ನಾನು ಗ್ಯಾಸ್ ಒಲೆ ಬಿಟ್ಟು ಇನ್ನೊಂದು ಮುಟ್ಟಿಲ್ಲ, ಯಾಕೆ ಅಂದ್ಕೊಂಡೆ?" ಎಂದು ನನ್ನನ್ನು ಕೇಳಿದರು. "ಅದಕ್ಕೆ ಗೋಡೆ ಮೇಲೆ ಸ್ವಿಚ್ ಇಲ್ಲ ಕಣೇ."

ಹನ್ನೊಂದು ವರ್ಷದಲ್ಲಿ ಅವರು ನನ್ನೊಡನೆ ಸೇರಿ ಒಬ್ಬರನ್ನು ಬೈದದ್ದು ಅದೇ ಮೊದಲು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಬ್ಬರಿಗೂ ಒಂದೇ ಕಾಲ ಬರುವುದುಂಟೆಂದು ನನಗೆ ಗೊತ್ತಿರಲಿಲ್ಲ. ಅವರು ಜಗುಲಿಗೆ ಹೋಗಿ, ತಪ್ಪು ಈ ಮನೆಯ ವೈರಿಂಗಿನದೆಂದೂ, ಸೊಸೆ ಮಾಂಸಕ್ಕೆ ಹಾಕಿದ ಮಸಾಲೆಯ ಹದ ಸರಿಯಾಗಿಯೇ ಇತ್ತೆಂದೂ, ನವೆಂಬರಿನ ಕೃತಜ್ಞತಾ ಹಬ್ಬದ ಟರ್ಕಿ ಕೋಳಿಯ ಊಟ ಕೂಡ ಇಲ್ಲೇ ಎಂದೂ ಘೋಷಿಸಿ, ಗಂಡನ ಹೆಸರೆತ್ತದೆ ಕೂತರು. ಜನೆಲ್ ಕಡುಬಿನ ತಟ್ಟೆಯನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಮಾವ ಯಾರಿಗೂ ಹೇಳದೆ ಕಾರು ತೆಗೆದುಕೊಂಡು ಹೋಗಿ, ಪೆಟ್ರೋಲ್ ಬಂಕಿನಲ್ಲಿ ಮಾರುವ ಕರಿದ ಕೋಳಿಯನ್ನು ಎರಡು ಬಕೆಟ್ಟು ತುಂಬ ತಂದರು. ಹಸಿವಿಲ್ಲದವರೆಲ್ಲ ಮೂಳೆ ಕೂಡ ಬಿಡದಂತೆ ತಿಂದರು.

ಆದ್ದರಿಂದ ಮಾನ್ಯರೇ, ತಮ್ಮ ಮೇಲೆ ನನ್ನ ದೂರು ಇದ್ದರೂ, ತಾವು ಬೇಯಿಸದೆ ಬಿಟ್ಟ ಊಟದಿಂದ ನನಗಾದ ಉಪಕಾರವನ್ನು ಬೇಯಿಸಿದ ಯಾವ ಊಟವೂ ಮಾಡಿರಲಿಲ್ಲವೆಂಬುದನ್ನು ಬಹಿರಂಗವಾಗಿ ಒಪ್ಪಿಕೊಳ್ಳುತ್ತ, ತಮ್ಮ ಪೆಟ್ಟಿಗೆಯ ಮೇಲಿನ ಆ ಹೆಂಗಸನ್ನು ಒಂದು ವಾರದ ಮಟ್ಟಿಗೆ ನಮ್ಮ ಮನೆಗೆ ಕಳಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಪಾತ್ರೆ ತೊಳೆಯುವುದಿದೆ.

ಇತಿ, ತಮ್ಮ ಮುಚ್ಚಳವನ್ನು ಒಮ್ಮೆಯೂ ಅಕಾಲದಲ್ಲಿ ತೆಗೆಯದ,
ತಮ್ಮ ವಿಶ್ವಾಸಿ,
ರೋಂಡಾ ಬ್ಯಾಕ್‌ಲುಂಡ್

ತಾ.ಕ.: ಕಳೆದ ಭಾನುವಾರ ತಮ್ಮನ್ನು ಬೇರೆ ಪ್ಲಗ್ ಪಾಯಿಂಟಿಗೆ ಹಾಕಿ, ಹೊಸ ಮಾಂಸ ಇಟ್ಟು, ಅತ್ತೆ ಮಾವನನ್ನು ಕರೆದಿದ್ದೆ. ಬೆಣ್ಣೆಯಂತೆ ಬೆಂದಿತ್ತು, ಅತ್ತೆ ಎರಡು ಸಲ ಹಾಕಿಸಿಕೊಂಡರು. ಅದರ ಪರಿಣಾಮವಾಗಿ ಕ್ರಿಸ್‌ಮಸ್ಸು, ಈಸ್ಟರು, ಮಾವನ ಎಂಬತ್ತನೇ ಹುಟ್ಟುಹಬ್ಬ ಮತ್ತು ಆ ಹಸಿರು ಜೆಲ್ಲಿಯ ಹುಡುಗಿಯ ಮದುವೆಯ ಊಟ ನನ್ನ ತಲೆಗೆ ಬಂದಿವೆ. ದಯಮಾಡಿ ನವೆಂಬರಿನೊಳಗೆ ತಾವು ಸಂಪೂರ್ಣವಾಗಿ ಕೆಟ್ಟುಹೋಗುವ ಕೃಪೆ ಮಾಡಬೇಕು. ತಾವು ಕೆಲಸ ಮಾಡದಿದ್ದಾಗ ನನಗೆ ಹಾಳಾದದ್ದು ಒಂದೇ ದಿನ.